ಅಪ್ಪನ ಕಿವಿಯ ಡಬ್ಬಿ

ಹಗರಿಬೊಮ್ಮನಹಳ್ಳಿಯಲ್ಲಿ ಆಗ ಯಾರ ಮನೆಗೆ ಹೊಸ ಸಾಮಾನು ಬಂದರೂ ಮೊದಲು ಅದಕ್ಕೆ ವಿಭೂತಿ ಹಚ್ಚಿ ದೇವರ ಮುಂದಿಡುತ್ತಿದ್ದರು. ಆಮೇಲೆ ತಂದು ನನ್ನ ಮುಂದಿಡುತ್ತಿದ್ದರು. ದೇವರು ಏನೂ ಅನ್ನುತ್ತಿರಲಿಲ್ಲ. ನಾನು ಮಾತ್ರ ಸುಮ್ಮನಿರುತ್ತಿರಲಿಲ್ಲ.

ಇಸವಿ ಎರಡು ಸಾವಿರದ ಆಚೀಚೆಯ ಮಾತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಚೀನಾದ ಸಾಮಾನುಗಳು ಹೊಸಪೇಟೆ ದಾಟಿ ನಮ್ಮ ಸಂತೆಯ ತಾಡಪಾಲಿನ ಮೇಲೂ ಬಂದು ಕೂತಿದ್ದವು. ರೇಡಿಯೊ ಇರುವ ಟಾರ್ಚು, ಸೊಳ್ಳೆ ಹೊಡೆಯುವ ಬ್ಯಾಟು, ಕರೆಂಟು ಹೋದ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ದೀಪ, ಎರಡು ದಿನ ಹಾಡಿ ಮೂರನೆಯ ದಿನ ಗಂಟಲು ಕಟ್ಟಿಕೊಳ್ಳುವ ಸೀಡಿ ಪ್ಲೇಯರು. ನನ್ನ ಕೈಗೆ ಯಾವುದು ಸಿಕ್ಕರೂ ಮೊದಲು ಅದರ ಸ್ಕ್ರೂ ಎಲ್ಲಿದೆ ಎಂದು ನೋಡುತ್ತಿದ್ದೆ. ಬಿಚ್ಚಿ ಹೊಟ್ಟೆಯೊಳಗೆ ಇಣುಕಿದರೆ ಮಾಡಿದವನ ಬುದ್ಧಿ, ಬೇಜವಾಬ್ದಾರಿ ಎರಡೂ ಕಂಡುಬಿಡುತ್ತಿದ್ದವು. ಹೆಂಡತಿ ತವರಿಂದ ತಂದ ಮಿಕ್ಸಿಯನ್ನು ಮದುವೆಯಾದ ವಾರದೊಳಗೇ ಬಿಚ್ಚಿದವನು ನಾನು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

ನನ್ನ ಈ ಚಟದ ಸುದ್ದಿ ಒಂದು ವಾರಪತ್ರಿಕೆಯ ಸಂಪಾದಕರ ಕಿವಿಗೆ ಬಿತ್ತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಗೆಲ್ಲ ಬಸ್ಸಿನ ಮೇಲೆ ಕಟ್ಟಾಗಿ ಹೋಗುತ್ತಿದ್ದ ಸಣ್ಣ ಪತ್ರಿಕೆ ಅದು. ಸಾಮಾನು ನೋಡಿ ನಾಲ್ಕು ಸಾಲು ಬರೆದುಕೊಡಿ ಅಂದರು. ನಾನು ನಾಲ್ಕಕ್ಕೆ ನಿಲ್ಲುವ ಆಸಾಮಿಯಲ್ಲ. ಒಂದು ಟಾರ್ಚಿನ ಬಗ್ಗೆ, ಇದನ್ನು ಹಿಡಿದು ಹೊಲಕ್ಕೆ ಹೋದರೆ ಹಾವಿಗೆ ನೀವು ಕಾಣುತ್ತೀರಿ, ನಿಮಗೆ ಹಾವು ಕಾಣುವುದಿಲ್ಲ ಎಂದು ಬರೆದೆ. ಸೊಳ್ಳೆ ಬ್ಯಾಟಿನ ಬಗ್ಗೆ, ಚಳಿಗಾಲದಲ್ಲಿ ಸೊಳ್ಳೆಗಳು ಮೈ ಕಾಯಿಸಿಕೊಳ್ಳಲು ಇದು ಅನುಕೂಲ ಎಂದು ಬರೆದೆ. ಜನ ಬಿದ್ದು ಬಿದ್ದು ನಕ್ಕರು. ಕೊಟ್ಟೂರಿನ ಅಂಗಡಿಯವನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ತಡೆದು, ನಿಮ್ಮಿಂದ ನನ್ನ ದೀಪಗಳು ಕಪಾಟಿನಲ್ಲೇ ಕೂತವು ಎಂದು ಸಿಟ್ಟಾದ. ಆ ಸಿಟ್ಟನ್ನು ನಾನು ಸನ್ಮಾನದ ಶಾಲಿನ ಹಾಗೆ ಹೊದ್ದುಕೊಂಡು ಓಡಾಡಿದೆ. ಎಂಥದನ್ನೇ ಆದರೂ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ನಾಲಿಗೆ ನನ್ನದು ಎಂಬ ಹಮ್ಮು ಬಂದುಬಿಟ್ಟಿತ್ತು.

ಸಾಮಾನು ನೋಡುವ ಕಣ್ಣು ನನಗೆ ಅಪ್ಪನಿಂದ ಬಂದದ್ದು. ಅಪ್ಪ ದನದ ದಲಾಲಿ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕೊಳ್ಳುವವನಿಗೂ ಮಾರುವವನಿಗೂ ನಡುವೆ ನಿಂತು ವ್ಯವಹಾರ ಕುದುರಿಸುವ ಕೆಲಸ. ಹಂಪಸಾಗರದಿಂದ ಹಲವಾಗಲಿನವರೆಗೆ ಹೊಳೆಸಾಲಿನ ಊರುಗಳಲ್ಲಿ ಅವನ ಕೈ ಹಿಡಿಯದ ಒಕ್ಕಲಿರಲಿಲ್ಲ. ಕೈ ಹಿಡಿಯುವುದು ಅಂದರೆ ನಿಜವಾಗಿಯೂ ಕೈ ಹಿಡಿಯುವುದೇ. ನಮ್ಮ ಕಡೆ ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ತನ್ನ ಹೆಗಲ ಮೇಲಿನ ವಲ್ಲಿಬಟ್ಟೆಯನ್ನು ಕೈಮೇಲೆ ಹಾಕಿಕೊಳ್ಳುತ್ತಾನೆ. ಅದರ ಕೆಳಗೆ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು ಬೆಲೆ, ಎರಡು ಹಿಡಿದರೆ ಇನ್ನೊಂದು. ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡಿದರೆ ಪೂರ್ತಿ ಬೆಲೆ, ಚೌಕಾಸಿ ಇಲ್ಲ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆಯೇ ಹೊರತು ಮಾತು ಗೊತ್ತಾಗುವುದಿಲ್ಲ.

ಚಿಕ್ಕವನಿದ್ದಾಗ ನಾನು ಅದನ್ನು ಕಳ್ಳಾಟ ಅಂದುಕೊಂಡಿದ್ದೆ. ಬಾಯಿ ಇರುವಾಗ ಬೆರಳು ಯಾಕೆ ಎಂದು ಕೇಳಿದ್ದೆ. ಅಪ್ಪ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ವಲ್ಲಿ ಹಾಕಿ, ನನಗೂ ಆ ಬೆರಳಿನ ಮಾತು ಕಲಿಸಿದ. ಕಲಿಸುತ್ತ ಒಂದು ಮಾತು ಹೇಳಿದ.

“ದನದ ಮುಂದ ದನದ ಐಬು ಆಡಬಾರದಪ್ಪ. ಅದಕ್ಕೂ ಕಿವಿ ಅದಾವ.”

ನಾನು ಬೆರಳು ಕಲಿತೆ. ಮಾತು ಕಲಿಯಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪನ ಕಿವಿ ಮಂದವಾಗುತ್ತ ಬಂತು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ದಲಾಲಿ ಬಿಟ್ಟ. ಬೆಲೆ ಬೆರಳಲ್ಲೇ ಆದರೂ ಅದಕ್ಕೆ ಮೊದಲು, ಆಮೇಲೆ ಮಾತು ಬೇಕಲ್ಲ. ಬಳ್ಳಾರಿಯ ಡಾಕ್ಟರು ಕಿವಿಯೊಳಗೆ ಇಡುವ ಯಂತ್ರ ತೋರಿಸಿದರು. ಅಪ್ಪ ಅದನ್ನು ಒಂದು ನಿಮಿಷ ಇಟ್ಟುಕೊಂಡು, ಕಿವಿಯಲ್ಲಿ ಹುಳ ಹೊಕ್ಕ ಹಾಗಾಗುತ್ತದೆ ಅಂತ ತೆಗೆದುಕೊಟ್ಟ. ಅಲ್ಲಿಗೆ ಆ ವಿಷಯ ಮುಗಿಯಿತು. ಅವನು ಪಡಸಾಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕದ ಮಂಚದ ಮೇಲೆ ಕೂರುತ್ತಿದ್ದ. ಊಟಕ್ಕೆ ಕರೆಯಬೇಕಾದರೆ ನಾವು ಕೈ ಬಾಯಿಗೆ ಒಯ್ದು ತೋರಿಸುತ್ತಿದ್ದೆವು. ಅವನು ಮಾತಾಡಿದರೆ ಬೀದಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಿದ್ದ, ತನ್ನ ದನಿ ತನಗೇ ಕೇಳದವರು ಮಾತಾಡುವ ಹಾಗೆ. ಕೇಳದವನ ಮುಂದೆ ಏನು ಬೇಕಾದರೂ ಆಡಬಹುದೆಂಬುದು ನಮಗೆ ಯಾವಾಗ ರೂಢಿಯಾಯಿತೋ ತಿಳಿಯದು. ಗೋಡೆಯ ಮುಂದೆ ಯಾರಾದರೂ ಪಿಸುಗುಟ್ಟುತ್ತಾರೆಯೇ? ನಾವು ಅವನ ಮುಂದೆ ಹಾಗೇ ಮಾತಾಡುತ್ತಿದ್ದೆವು.

ಒಂದು ಭಾನುವಾರ ಶಾಲೆಯ ಸಹೋದ್ಯೋಗಿಯೊಬ್ಬರು ಹೊಸ ಟೇಪ್ ರೆಕಾರ್ಡರ್ ಹಿಡಿದುಕೊಂಡು ಮನೆಗೆ ಬಂದರು. ಜೊತೆಗೆ ಇನ್ನಿಬ್ಬರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹ ಆಯಿತು. ನಾನು ಟೇಪ್ ರೆಕಾರ್ಡರಿನ ಜನ್ಮ ಜಾಲಾಡಿದೆ. ನಗು ಇನ್ನೂ ನಿಂತಿರಲಿಲ್ಲ, ಅವರು ಸುಮ್ಮನೆ ಕೆಣಕಿದರು. ಊರವರ ಸಾಮಾನಿಗೆಲ್ಲ ತೀರ್ಪು ಕೊಡುತ್ತೀರಲ್ಲ, ನಿಮ್ಮ ಮನೆಯಲ್ಲಿರುವವಕ್ಕೂ ಒಂದು ಸಾಲು ಹೇಳಿ ಅಂದರು. ನಾನು ಫ್ಯಾನಿಗೆ ಹೇಳಿದೆ, ಗಡಿಯಾರಕ್ಕೆ ಹೇಳಿದೆ. ನಾಲಿಗೆ ಕಾದಿತ್ತು. ಕಣ್ಣು ಹೋಗಿ ಮಂಚದ ಮೇಲೆ ನಿಂತಿತು.

“ಇದು ಹಳೇ ಮಾಲು ನೋಡ್ರಿ. ಬಾಡಿ ಗಟ್ಟಿ ಐತಿ. ಸ್ಪೀಕರ್ ಜೋರ್ ಐತಿ, ಮೈಕ್ ಕೆಟ್ಟೈತಿ. ಬಿಡಿಭಾಗ ಎಲ್ಲೂ ಸಿಗಂಗಿಲ್ಲ.”

ಎಲ್ಲರೂ ನಕ್ಕರು. ನಾವು ನಗುವುದನ್ನು ನೋಡಿ ಅಪ್ಪನೂ ನಕ್ಕ. ಏನೋ ಒಳ್ಳೆಯ ಮಾತೇ ನಡೆದಿರಬೇಕು ಎಂದುಕೊಂಡವನ ನಗು ಅದು. ಬಜ್ಜಿಯ ತಟ್ಟೆಯನ್ನು ಅವರ ಕಡೆ ಸರಿಸಿ, ತಿನ್ನಿರಿ ತಿನ್ನಿರಿ ಎಂದು ಉಪಚಾರ ಮಾಡಿದ. ನನಗೆ ಆಗ ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಮಾತು ಚೆನ್ನಾಗಿ ಬಂತು ಎಂದಷ್ಟೇ ಅನಿಸಿತು.

ಚೆನ್ನಾಗಿ ಬಂದ ಮಾತು ಮನೆಯಿಂದ ಹೋಗುವುದಿಲ್ಲ. ಹೆಂಡತಿ ಮೊದಲ ದಿನ, ಹಿರಿಯರಿಗೆ ಹಾಗೆಲ್ಲ ಅನ್ನಬಾರದು ಎಂದು ನನ್ನನ್ನು ಗದರಿದ್ದಳು. ಸ್ವಲ್ಪ ದಿನಕ್ಕೆ ಅವಳ ಬಾಯಲ್ಲೂ ಹಳೇ ಮಾಲು ಎಂದೇ ಬಂತು. ಪ್ರೈಮರಿ ಶಾಲೆಗೆ ಹೋಗುತ್ತಿದ್ದ ಮಗಳಿಗಂತೂ ಅದು ತಾತನ ಇನ್ನೊಂದು ಹೆಸರೇ ಆಯಿತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ ಎಂದು ಬರೆಯಬಹುದು. ಬರೆದರೆ ನನಗೇ ಅಸಹ್ಯವಾಗುತ್ತದೆ.

ಡಬ್ಬಿ ಮಾಡುವ ಯೋಚನೆ ಬಂದದ್ದು ಪ್ರೀತಿಯಿಂದ ಎಂದು ಆಗ ಎಲ್ಲರಿಗೂ ಹೇಳಿಕೊಂಡೆ. ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ದೊಡ್ಡದಾಗಿ ಹಮ್ಮು ಇತ್ತು. ಬರೀ ಬೇರೆಯವರು ಮಾಡಿದ್ದನ್ನು ಬೈಯುವುದಲ್ಲ, ನಾನೂ ಒಂದು ಮಾಡಿ ತೋರಿಸಬೇಕು ಅನ್ನಿಸಿತ್ತು. ಹವ್ಯಾಸಿಗಳ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ದನಿ ಹಿಗ್ಗಿಸುವ ಸಣ್ಣ ಸರ್ಕ್ಯೂಟ್ ಬಂದಿತ್ತು. ಹುಬ್ಬಳ್ಳಿಗೆ ಹೋಗಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಮೈಕು, ಒಂದು ಐಸಿ, ಬಿಡಿಸಾಮಾನು ತಂದೆ. ವಾಲ್ಯೂಮಿನ ತಿರುಗಣಿ ಸತ್ತುಹೋದ ರೇಡಿಯೊದ್ದು, ಇಯರ್‌ಫೋನು ಮಗಳು ತುಳಿದು ಒಂದು ಕಿವಿ ಸತ್ತಿದ್ದ ಕ್ಯಾಸೆಟ್ ಪ್ಲೇಯರಿನದು, ಮೈಗೂಡು ಪ್ಲಾಸ್ಟಿಕ್ ಸೋಪಿನ ಡಬ್ಬಿ. ಒಳಗೆ ಎರಡು ಪೆನ್ಸಿಲ್ ಶೆಲ್ಲು. ಅಂಗಿಯ ಕಿಸೆಯಲ್ಲಿಟ್ಟುಕೊಂಡು, ವೈರನ್ನು ಕಿವಿಗೆ ಸಿಕ್ಕಿಸಿಕೊಂಡರೆ ಆಯಿತು. ಹುಳ ಹೊಕ್ಕಂತೆ ಆಗುವುದಿಲ್ಲ.

ಬೆಸುಗೆ ಹಾಕಿದ ಹೊಗೆ ಇನ್ನೂ ಪಡಸಾಲೆಯಲ್ಲಿರುವಾಗಲೇ ಅಪ್ಪನ ಕಿವಿಗೆ ಸಿಕ್ಕಿಸಿ ತಿರುಗಣಿ ತಿರುಗಿಸಿದೆ. ಅಪ್ಪ ಬೆಚ್ಚಿ ಕುಳಿತ. ಕಾಲು ಸರಿಸಿದ. ಮತ್ತೆ ಸರಿಸಿದ.

“ನನ್ನ ಧೋತರ ಇಷ್ಟು ಸಪ್ಪಳ ಮಾಡ್ತಿತ್ತೇನು?” ಎಂದ.

ಅಡುಗೆಮನೆಯ ಕುಕ್ಕರಿಗೆ ತಿರುಗಿ ನೋಡಿದ, ಬೀದಿಯಲ್ಲಿ ಹೋದ ಸೈಕಲ್ಲಿನ ಬೆಲ್ಲಿಗೆ ತಿರುಗಿ ನೋಡಿದ. ಶೇಂಗಾ ಸುಲಿದು, ಸಿಪ್ಪೆ ಮುರಿಯುವ ಸದ್ದಿಗಾಗಿಯೇ ಇನ್ನೊಂದು ಸುಲಿದ. ಮಗಳು ಹಿಂದಿನಿಂದ ತಾತಾ ಅಂದಳು. ಅಪ್ಪ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. ಆ ಒಂದು ದಿನ ನಾನು ಒಳ್ಳೆಯ ಮಗನಾಗಿದ್ದೆ. ಅದೇ ವಾರದ ಅಂಕಣದಲ್ಲಿ ನನ್ನ ಡಬ್ಬಿಯ ಬಗ್ಗೆಯೇ ಬರೆದೆ. ಅದಕ್ಕೆ ಮಾತ್ರ ಯಾವ ಐಬೂ ಹೇಳಲಿಲ್ಲ.

ಮುಂದಿನ ಭಾನುವಾರ ಅದೇ ಸಹೋದ್ಯೋಗಿಗಳು ಬಂದರು, ಪತ್ರಿಕೆ ಓದಿ, ಡಬ್ಬಿ ನೋಡಲಿಕ್ಕೆಂದೇ. ಅಪ್ಪ ಮಂಚದ ಮೇಲೆ, ಕಿವಿಯಲ್ಲಿ ವೈರು, ಕಿಸೆಯಲ್ಲಿ ಸೋಪಿನ ಡಬ್ಬಿ. ನಾನು ಸರ್ಕ್ಯೂಟನ್ನು ವಿವರಿಸಿದೆ. ವಿವರಣೆ ಮುಗಿದ ಮೇಲೆ ನಗಿಸಬೇಕಲ್ಲ, ಬಾಯಿ ತಾನಾಗಿ ಹಳೆಯ ಜಾಡು ಹಿಡಿಯಿತು.

“ಹಳೇ ಮಾಲಿಗೆ ಹೊಸಾ ಮೈಕ್ ಹಾಕೀನ್ರಿ. ಇನ್ನರ ಯಾರಾದ್ರೂ ಎಕ್ಸ್‌ಚೇಂಜ್‌ನಾಗ ತಗಂತಾರೇನು ನೋಡೂಣು.”

ಅಪ್ಪ ನಕ್ಕ. ಈ ಸಲ ಎಲ್ಲರಿಗಿಂತ ಮೊದಲು ನಕ್ಕ. ಉಳಿದವರು ಆಮೇಲೆ ನಕ್ಕರು. ಅದನ್ನು ನನ್ನ ಕಣ್ಣು ನೋಡಿತು, ಬುದ್ಧಿ ನೋಡಲಿಲ್ಲ. ಡಬ್ಬಿ ಕೆಲಸ ಮಾಡುತ್ತದೆ ಎಂದು ಊರಿಗೆಲ್ಲ ಸಾರಿದವನು ನಾನೇ. ಅದನ್ನು ನಂಬದೆ ಮಾತಾಡಿದವನೂ ನಾನೇ.

ಎರಡು ದಿನ ಬಿಟ್ಟು ಅಪ್ಪ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟ. ಗುಂಯ್ ಅನ್ನುತ್ತದೆ, ಏನೂ ಕೇಳುವುದಿಲ್ಲ, ಕೆಟ್ಟಿದೆ ಎಂದ. ನಾನು ಕಿವಿಗೆ ಇಟ್ಟು ನೋಡಿದೆ. ಚೆನ್ನಾಗಿಯೇ ಇತ್ತು. ಆದರೂ ಮೈಕು ಬದಲಿಸಿ, ಸುತ್ತ ಸ್ಪಂಜು ತುಂಬಿ, ಗುಂಯ್ ಅನ್ನುವುದನ್ನು ತಡೆಯಲು ಇನ್ನೊಂದು ಬಿಡಿಸಾಮಾನು ಸೇರಿಸಿ ಕೊಟ್ಟೆ. ಮರುದಿನವೇ ವಾಪಸು ಬಂತು. ಇನ್ನೂ ಜೋರು ಮಾಡಿ ಕೊಟ್ಟೆ. ಮತ್ತೆ ಬಂತು. ನನಗೆ ಸಿಟ್ಟು ಬಂತು. ನನ್ನ ಸಿಟ್ಟಿಗೆ ಬಾಯಿ ಬಹಳ. ಉಪಯೋಗಿಸುವವನಿಗೆ ಬುದ್ಧಿ ಇಲ್ಲದಿದ್ದರೆ ಯಂತ್ರ ಏನು ಮಾಡುತ್ತದೆ, ದನ ಕಾಯ್ದವನಿಗೆ ಸರ್ಕ್ಯೂಟ್ ಕೊಟ್ಟರೆ ಹೀಗೇ ಎಂದು ಹೆಂಡತಿಗೆ ಹೇಳುತ್ತ ಓಡಾಡಿದೆ. ಅಪ್ಪ ಅಲ್ಲೇ ಮಂಚದ ಮೇಲೆ ನನ್ನ ತುಟಿಗಳನ್ನು ನೋಡುತ್ತ ಕೂತಿದ್ದ.

ಸಾಮಾನು ಪರೀಕ್ಷೆ ಮಾಡುವವರಿಗೆ ಒಂದು ಪಾಠ ಇದೆ, ನಾನೇ ಅಂಕಣದಲ್ಲಿ ಹತ್ತಾರು ಸಲ ಬರೆದದ್ದು. ಟಾರ್ಚನ್ನು ಅಂಗಡಿಯಲ್ಲಿ ನೋಡಬೇಡಿ, ಹೊಲದಲ್ಲಿ ನೋಡಿ. ಯಾರು ಎಲ್ಲಿ ಉಪಯೋಗಿಸುತ್ತಾರೋ ಅಲ್ಲೇ ನೋಡಿ. ಆ ಸಂಜೆ ಅಪ್ಪ ಚಹ ಕುಡಿಯಲು ಹೊರಗೆ ಹೋಗಿದ್ದ. ಈ ಡಬ್ಬಿಗೆ ಏನಾಗಿದೆ ನೋಡೇಬಿಡೋಣ ಎಂದು ನಾನು ಅವನ ಮಂಚದ ಮೇಲೆ, ಅವನು ಕೂರುವ ಜಾಗದಲ್ಲೇ ಕೂತೆ. ಡಬ್ಬಿ ಕಿಸೆಗೆ ಹಾಕಿಕೊಂಡು ವೈರು ಕಿವಿಗೆ ಸಿಕ್ಕಿಸಿಕೊಂಡೆ.

ಅಡುಗೆಮನೆ ಇಡಿಯಾಗಿ ಕಿವಿಯೊಳಗೆ ಬಂತು. ರೊಟ್ಟಿ ಬಡಿಯುವ ಸದ್ದು, ಬಳೆ, ಒಲೆಯ ಗ್ಯಾಸಿನ ಸುಯ್ಯೆಂಬ ಉಸಿರು. ಇಷ್ಟು ಸ್ವಚ್ಛವಾಗಿ ಕೇಳುವುದು ಕೆಟ್ಟಿದೆ ಅನ್ನುತ್ತಾನಲ್ಲ ಎಂದು ಮತ್ತೆ ಸಿಟ್ಟು ಏರುತ್ತಿತ್ತು. ಅಷ್ಟರಲ್ಲಿ ಮಗಳ ದನಿ.

“ಅವ್ವಾ, ಹಳೇ ಮಾಲಿನ ಗಂಗಾಳ ಎಲ್ಲೈತಿ?”

“ಅಲ್ಲೇ ಐತಿ ನೋಡು. ಹಳೇ ಮಾಲಿಗೆ ಮೆತ್ತನ ರೊಟ್ಟಿ ಬ್ಯಾರೆ ಇಟ್ಟೀನಿ, ಅದನ್ನ ಹಾಕು.”

ಅಷ್ಟೇ. ಬೈಗುಳವಲ್ಲ, ತಾತ್ಸಾರವೂ ಅಲ್ಲ. ಮುದುಕನ ಹಲ್ಲಿಗೆ ಹಿಡಿಯಲಿ ಎಂದು ರೊಟ್ಟಿಯನ್ನು ಮೆತ್ತಗೆ ಬೇಯಿಸಿ ಬೇರೆ ಇಟ್ಟ ಕೈಯ ಮಾತು ಅದು. ಅದೇ ಬಾಯಲ್ಲಿ ಆ ಹೆಸರು. ಮಂಚದ ಮೇಲೆ ಕೂತ ನನಗೆ, ಈ ಜಾಗದಲ್ಲಿ ಕೂತವನು ಇದನ್ನು ದಿನಕ್ಕೆ ಎಷ್ಟು ಸಲ ಕೇಳಿರಬಹುದು ಅನ್ನಿಸಿತು. ಭಾನುವಾರದ ನಗು ನೆನಪಾಯಿತು. ಎಲ್ಲರಿಗಿಂತ ಮೊದಲು ಅವನು ಯಾಕೆ ನಕ್ಕನೆಂಬುದು ಈಗ ತಿಳಿಯಿತು. ನನ್ನ ಸ್ನೇಹಿತರ ಮುಂದೆ ನನ್ನ ಮಾನ ಉಳಿಯಲೆಂದು ನಕ್ಕಿದ್ದ. ಅಥವಾ ತನ್ನದು ಉಳಿಯಲೆಂದು. ಹಿಂದೆ ಬಜ್ಜಿಯ ತಟ್ಟೆ ಸರಿಸಿ ನಕ್ಕದ್ದು ಯಾವ ಮಾತಿಗೆ ಎನ್ನುವುದೂ ಅವನಿಗೆ ಡಬ್ಬಿ ಹಾಕಿಕೊಂಡ ಆ ಭಾನುವಾರವೇ ಗೊತ್ತಾಗಿರಬೇಕು.

ಡಬ್ಬಿಯಲ್ಲಿ ಐಬು ಇರಲಿಲ್ಲ. ಅದರೊಳಗೆ ಬರುತ್ತಿದ್ದ ಮಾತಿನಲ್ಲಿ ಇತ್ತು, ಆ ಮಾತು ನನ್ನದಾಗಿತ್ತು. ಎದ್ದು ಅಡುಗೆಮನೆಗೆ ಹೋದೆ. ಹೆಂಡತಿಗೆ ಹೇಳಿದಾಗ ಅವಳ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಇನ್ನು ಮೇಲೆ ಆ ಹೆಸರು ಈ ಮನೆಯಲ್ಲಿ ಬರಕೂಡದು ಎಂದು ನಾನು ದೊಡ್ಡದಾಗಿ ಅಪ್ಪಣೆ ಮಾಡಿದೆ.

“ಹೆಸರಿಟ್ಟಾರು ಯಾರ್ರಿ?” ಅಂದಳು. ಅಷ್ಟೇ ಅಂದು ತವೆಯ ಕಡೆ ತಿರುಗಿದಳು.

ಆವತ್ತಿನಿಂದ ಮನೆಯಲ್ಲಿ ಆ ಹೆಸರು ನಿಂತಿತು. ಮಗಳಿಗೂ ತಿಳಿಸಿ ಹೇಳಿದೆವು. ಅವಳು ಒಂದು ಇಡೀ ದಿನ ತಾತನ ಮುಖ ನೋಡಲಿಲ್ಲ. ಆದರೆ ನಿಂತಿದೆಯೆಂದು ಅಪ್ಪನಿಗೆ ಗೊತ್ತಾಗುವುದು ಹೇಗೆ? ನನ್ನ ತಪ್ಪಾಯಿತು ಎಂದು ಅವನಿಗೆ ಹೇಳುವುದು ಹೇಗೆ? ಕಿವುಡರ ಮುಂದೆ ತಪ್ಪೊಪ್ಪಿಕೊಳ್ಳುವುದು ಎಷ್ಟು ಕಷ್ಟ ಅನ್ನುವುದು ಅನುಭವಿಸಿದವರಿಗೇ ಗೊತ್ತು. ನಮ್ಮ ಓಣಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತಿವೆ. ಅಪ್ಪನಿಗೆ ಕೇಳುವಂತೆ ಹೇಳಿದರೆ ಆಚೆ ಮನೆ, ಈಚೆ ಮನೆ, ಎದುರಿನ ಹಿಟ್ಟಿನ ಗಿರಣಿ ಎಲ್ಲಕ್ಕೂ ಕೇಳುತ್ತದೆ. ಅಪ್ಪನನ್ನು ಆಡಿಕೊಳ್ಳುವಾಗ ನನ್ನ ದನಿಗೆ ಈ ಸಂಕೋಚ ಇರಲಿಲ್ಲ. ಈಗ ಎಲ್ಲಿಂದಲೋ ಬಂದು ಗಂಟಲಲ್ಲಿ ಕೂತಿತು. ಬರೆದು ತೋರಿಸೋಣವೆಂದರೆ ಅಪ್ಪನಿಗೆ ಓದು ಬಾರದು. ಡಬ್ಬಿ ಹಾಕಿಕೊಂಡರೆ ಮೆತ್ತಗೆ ಹೇಳಬಹುದಿತ್ತು. ಹೊಸ ಶೆಲ್ಲು ಹಾಕಿ, ಡಬ್ಬಿ ತೆಗೆದುಕೊಂಡು ಹೋಗಿ, ನಾನೇ ವೈರನ್ನು ಅವನ ಕಿವಿಯ ಹತ್ತಿರ ಒಯ್ದೆ. ಅಪ್ಪ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

“ಬ್ಯಾಡ ಬಿಡೋ. ಕೇಳದಂಗ ಇರೋದು ರೂಢಿ ಆಗೇತಿ.”

ಡಬ್ಬಿಯನ್ನು ಇಸಿದುಕೊಂಡು ಮಂಚದ ಮೇಲಿನ ಗೋಡೆಯ ಗೂಡಿನಲ್ಲಿ ಇಟ್ಟ.

ನಾನು ಅದನ್ನು ಅಲ್ಲೇ ಬಿಟ್ಟೆ. ನೋಡಿದರೆ ಮುಖ ಸುಡುತ್ತಿತ್ತು. ಕೆಲವು ವಾರ ಕಳೆದ ಮೇಲೆ, ಶೆಲ್ಲು ಸೋರಿ ಒಳಗೆಲ್ಲ ಜಂಗು ತಿಂದೀತು ಎಂದು ತೆಗೆದು ಮೀಟರ್ ಹಚ್ಚಿದೆ. ಶೆಲ್ಲು ಖಾಲಿ. ಸ್ವಿಚ್ಚು ಆರಿಸಿಯೇ ಇತ್ತು. ಆರಿಸಿಟ್ಟ ಡಬ್ಬಿ ಶೆಲ್ಲು ತಿನ್ನುವುದಿಲ್ಲ, ಅದನ್ನು ಮಾಡಿದವನು ನಾನು, ನನಗೆ ಗೊತ್ತು. ಹೊಸವನ್ನು ಹಾಕಿಟ್ಟೆ. ಅವೂ ಮುಗಿದವು. ಕೇಳುವುದೇ ಇಲ್ಲ ಎಂದು ವಾಪಸು ಕೊಟ್ಟ ಯಂತ್ರವನ್ನು ಅಪ್ಪ ಎಲ್ಲಿಯೋ ಹಾಕಿಕೊಳ್ಳುತ್ತಿದ್ದ. ಮನೆಯಲ್ಲಂತೂ ಅಲ್ಲ.

ಸಂತೆಯ ದಿನ ಮಧ್ಯಾಹ್ನ ನನಗೆ ಪಾಠ ಇರಲಿಲ್ಲ. ದಲಾಲಿ ಬಿಟ್ಟಿದ್ದರೂ ಅಪ್ಪ ದನದ ಸಂತೆಗೆ ತಪ್ಪದೆ ಹೋಗುತ್ತಿದ್ದ. ನಾನೂ ಹೋದೆ. ಬೇವಿನ ಮರದ ಕೆಳಗೆ ಹಳೆಯ ದಲಾಲಿಗಳು ಕೂರುವ ಬಂಡೆ ಇತ್ತು. ಅಪ್ಪ ನನಗೆ ಬೆನ್ನು ಮಾಡಿ ಅಲ್ಲಿ ಕೂತಿದ್ದ. ವಲ್ಲಿಯ ಅಂಚಿನ ಕೆಳಗಿನಿಂದ ವೈರು ಕಿವಿಗೆ ಹೋಗಿತ್ತು. ಪಕ್ಕದಲ್ಲಿ ಕೂತಿದ್ದವರು ಅವನ ಜೋಡಿ ವರ್ಷಗಟ್ಟಲೆ ಸಂತೆ ತಿರುಗಿದ ಇನ್ನೊಬ್ಬ ಮುದುಕರು. ಅವರು ಯಾವುದೋ ಹೋರಿಯ ಬಗ್ಗೆ ಸಾಮಾನ್ಯ ದನಿಯಲ್ಲಿ ಹೇಳುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿದ್ದ, ಮೆತ್ತಗೆ. ಅಪ್ಪ ಮೆತ್ತಗೆ ಮಾತಾಡಿದ್ದನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅವನಿಗೆ ಅಂಥ ದನಿ ಇದೆಯೆಂಬುದೇ ಮರೆತುಹೋಗಿತ್ತು. ಅಲ್ಲೇ ಹಿಂದೆ ನಿಂತು ಕೇಳಿದೆ. ಅವನದೇ ಮಾತನ್ನು ಹೀಗೆ ಕದ್ದು ಕೇಳಬೇಕಾಯಿತಲ್ಲ ಎಂದು ಸಂಕಟವಾಯಿತು.

ಮುದುಕರು ನನ್ನನ್ನು ನೋಡಿದರು. ಬರ್ರಿ ಮೇಷ್ಟ್ರ ಎಂದು ಜಾಗ ಮಾಡಿದರು. ಅಪ್ಪ ತಿರುಗುವ ಮೊದಲೇ ಅವರು ಹೇಳಿಬಿಟ್ಟರು.

“ನನಗೂ ಒಂದು ಕಿವಿ ಮಂದ ಆಗೇತಿ, ಒಂದು ಡಬ್ಬಿ ಮಾಡಿಕೊಡ್ರಿ. ನಿಮ್ಮಪ್ಪ ಸಂತಿಗೆಲ್ಲಾ ಹೇಳ್ಯಾನ, ನನ್ನ ಮಗ ಮಾಡಿದ್ದು ಬಂಗಾರದಂಥಾ ಮಾಲು ಅಂತ. ಹೊರಗ ಹಚ್ಚಿಕ್ಯಳಾಕ ಭಾಳ ಚಲೋ, ಮನ್ಯಾಗ ಮಾತ್ರ ಬ್ಯಾಡ ಅಂದ. ಅದ್ಯಾಕ್ರಿ ಹಂಗ?”

ಅಪ್ಪ ತಿರುಗಿದ. ನನ್ನನ್ನು ಕಂಡ ಕೂಡಲೇ ಅವನ ಕೈ ತಾನಾಗಿ ಮೇಲೆ ಹೋಯಿತು. ಕಿವಿಯಿಂದ ವೈರು ಎಳೆದು, ಸುತ್ತಿ, ಕಿಸೆಗೆ ಹಾಕಿಕೊಂಡ. ಕಳ್ಳತನ ಸಿಕ್ಕಿಬಿದ್ದವನ ಹಾಗೆ ತಲೆ ತಗ್ಗಿಸಿದ. ತಲೆ ತಗ್ಗಿಸಬೇಕಾದವನು ನಾನು. ಅಪ್ಪ ನನ್ನ ಮುಂದೆ ತಗ್ಗಿಸಿ ಕೂತದ್ದನ್ನು ನೋಡಿ ಭೂಮಿ ಬಾಯಿಬಿಟ್ಟರೆ ಸಾಕು ಅನಿಸಿತು.

ಸುತ್ತ ದನ, ಜನ, ಗದ್ದಲ. ಅಪ್ಪಾ ತಪ್ಪಾತು ಎಂದು ಈಗ ಹೇಳಬೇಕಾದರೆ ಇಡೀ ಸಂತೆಗೆ ಕೇಳುವಂತೆ ಒದರಬೇಕಿತ್ತು. ಒದರಿಬಿಡೋಣ ಎಂದು ಬಾಯಿ ತೆರೆದೆ. ಬರಲಿಲ್ಲ. ಒಂದೇ ಸಾಲಿನಲ್ಲಿ ಎಲ್ಲವನ್ನೂ ಮುಗಿಸುವ ನಾಲಿಗೆಗೆ ಆ ಒಂದು ಮಾತು ಎತ್ತಲಾಗಲಿಲ್ಲ. ಅವನ ಪಕ್ಕ ಬಂಡೆಯ ಮೇಲೆ ಕೂತೆ.

ವೈರು ಎಳೆಯುವಾಗ ಅವನ ವಲ್ಲಿ ಜಾರಿ ತೊಡೆಯ ಮೇಲೆ ಬಿದ್ದಿತ್ತು. ನನಗೇನು ತೋಚಿತೋ, ಕೈಯನ್ನು ಅದರ ಕೆಳಗೆ ತೂರಿಸಿ ಅವನ ಕೈ ಹುಡುಕಿದೆ. ಚಿಕ್ಕಂದಿನಲ್ಲಿ ಕಲಿಸಿದ ಹಾಗೆ, ಅವನ ಕಿರುಬೆರಳೊಂದನ್ನೇ ಹಿಡಿದೆ. ಅದಕ್ಕಿಂತ ಕಡಿಮೆ ಬೆಲೆ ಆ ಭಾಷೆಯಲ್ಲಿ ಇಲ್ಲ. ನಾನು ಅಷ್ಟೇ, ಅದಕ್ಕಿಂತ ಹೆಚ್ಚಲ್ಲ ಎಂದು ಹೇಳಬೇಕಿತ್ತು ನನಗೆ. ಅಪ್ಪನ ಮುಖ ಹೋರಿಗಳ ಕಡೆಗೇ ಇತ್ತು. ವ್ಯವಹಾರ ಮಾಡುವಾಗ ದಲಾಲಿಯ ಮುಖ ಏನನ್ನೂ ಹೇಳುವುದಿಲ್ಲ. ಕಿರುಬೆರಳನ್ನು ನನ್ನ ಹಿಡಿತದಿಂದ ಬಿಡಿಸಿಕೊಂಡ. ಮುಗಿಯಿತು, ಒಪ್ಪಲಿಲ್ಲ ಅಂದುಕೊಂಡೆ. ಆಮೇಲೆ ಅವನ ಕೈ ನನ್ನ ಐದೂ ಬೆರಳನ್ನು ಸೇರಿಸಿ ಗಟ್ಟಿಯಾಗಿ ಹಿಡಿಯಿತು. ಹಿಡಿದು, ಒಮ್ಮೆ ಅದುಮಿ, ಬಿಟ್ಟಿತು.

ನಾನು ಅವನಿಗೆ ನಾಲ್ಕು ಜನರ ಮುಂದೆ ಬೆಲೆ ಕಟ್ಟಿ ನಗಿಸಿದ್ದೆ. ಅವನು ನನಗೆ ಕಟ್ಟಿದ ಬೆಲೆ ಪಕ್ಕದಲ್ಲಿ ಕೂತ ಮುದುಕರಿಗೂ ತಿಳಿಯಲಿಲ್ಲ. ಅವರು ಇನ್ನೂ, ಮನೆಯಲ್ಲಿ ಯಾಕೆ ಬೇಡ ಎಂದು ಕೇಳುತ್ತಿದ್ದರು. ಒಳಗೆ ಗುಂಯ್ ಅನ್ನುತ್ತದಂತೆ ಎಂದು ಸುಳ್ಳು ಹೇಳಿದೆ. ಅವರಿಗೂ ಒಂದು ಮಾಡಿಕೊಟ್ಟೆ. ಅವರ ಮನೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು ಎಂದು ಆಮೇಲೆ ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು.

ಇನ್ನು ಅಪ್ಪ ಮನೆಯಲ್ಲೂ ಡಬ್ಬಿ ಹಾಕಿಕೊಳ್ಳುತ್ತಾನೆ ಎಂದು ಆ ಸಂಜೆ ಕಾದೆ. ಐದೂ ಬೆರಳು ಹಿಡಿದನಲ್ಲ, ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ. ಅಪ್ಪ ಸಂತೆಯಿಂದ ಬಂದ. ಹೊಸ್ತಿಲ ಹೊರಗೆ ನಿಂತು ಚಪ್ಪಲಿ ಬಿಟ್ಟ. ಅಲ್ಲೇ ಕಿವಿಯ ವೈರನ್ನೂ ತೆಗೆದು, ಸುತ್ತಿ ಕಿಸೆಗೆ ಹಾಕಿಕೊಂಡು, ಒಳಗೆ ಬಂದ. ಈಗ ಬಚ್ಚಿಡುವ ಅವಸರ ಇರಲಿಲ್ಲ. ನಾನು ನೋಡುತ್ತಿರುವಾಗಲೇ ಮಾಡಿದ. ಮರುದಿನವೂ ಹಾಗೇ, ಅವನು ಇರುವ ತನಕವೂ ಹಾಗೇ. ನಾನು ಶೆಲ್ಲು ಬದಲಿಸುತ್ತಿದ್ದೆ, ಅವನು ಬದಲಿಸಲು ಬಿಡುತ್ತಿದ್ದ. ಆ ವಿಷಯವಾಗಿ ನಮ್ಮಿಬ್ಬರ ನಡುವೆ ಮಾತೇ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಅವನ ಬಗ್ಗೆ ಒಳ್ಳೆಯ ಮಾತನ್ನೇ ಆಡಿದೆವು. ಹೆಂಡತಿ ಮಾವನವರ ಮೆತ್ತನೆಯ ರೊಟ್ಟಿ ಅನ್ನುತ್ತಿದ್ದಳು, ಮಗಳು ತಾತನ ಗಂಗಾಳ ಅನ್ನುತ್ತಿದ್ದಳು. ನಾನೂ ಎಷ್ಟೋ ಸಲ ಮಂಚದ ಹತ್ತಿರ ನಿಂತು, ಬೇಕೆಂದೇ, ಅಪ್ಪ ಎಂಥ ದೊಡ್ಡ ಮನುಷ್ಯ ಎಂದು ಬಂದವರಿಗೆ ಹೇಳಿದ್ದೇನೆ. ಡಬ್ಬಿ ಅವನ ಕಿಸೆಯಲ್ಲೇ ಇರುತ್ತಿತ್ತು. ಆ ಮಾತುಗಳಲ್ಲಿ ಒಂದೂ ಅವನಿಗೆ ಕೇಳಲಿಲ್ಲ.